ಹಳದಿ ಜಾಕೆಟ್ಟಿನ ಹಿಂದೆ ಅರವತ್ತು ಜನ

ಎ.ಸಿ.ಯ ಚಳಿ ತಡೆಯಲಾರದೆ ಹಯವದನರು ಗೋಡೆಯ ಗೂಟದಲ್ಲಿದ್ದ ಹಳದಿ ಜಾಕೆಟ್ಟನ್ನು ತೊಟ್ಟುಕೊಂಡದ್ದೇ ತಪ್ಪಾಯಿತು. ಧಾರವಾಡದಿಂದ ಗುಜರಾತಿನ ನವರಂಗಪುರದ ಈ ವಿಮಾ ಕಚೇರಿಗೆ ವರ್ಗವಾಗಿ ಬಂದು ಎರಡೇ ತಿಂಗಳು. ಜಾಕೆಟ್ಟಿನ ಬೆನ್ನ ಮೇಲೆ ಗುಜರಾತಿಯಲ್ಲಿ ಏನು ಬರೆದಿದೆಯೆಂದು ಓದಲು ಅವರಿಗೆ ಬರುತ್ತಿರಲಿಲ್ಲ.

ಹನ್ನೊಂದೂವರೆಗೆ ಬೆಂಕಿಯ ಗಂಟೆ ಹೊಡೆದುಕೊಂಡಿತು. ನಾಲ್ಕನೆಯ ಮಹಡಿಯ ಅರವತ್ತು ಜನರಲ್ಲಿ ಒಬ್ಬರೂ ಏಳಲಿಲ್ಲ. ಬೀಗರ ಮನೆಯ ಪಂಕ್ತಿಯಲ್ಲಿ ಮೊದಲ ತುತ್ತು ಯಾರೆತ್ತುತ್ತಾರೋ ಎಂದು ಕಾಯುವವರಂತೆ ಒಬ್ಬರ ಮುಖ ಒಬ್ಬರು ನೋಡಿದರು.

ಹಯವದನರು ಎದ್ದರು. ಗಂಟೆಗಾಗಿ ಅಲ್ಲ; ಬೆಳಿಗ್ಗೆ ಕುಡಿದ ಎರಡು ಲೋಟ ಮಜ್ಜಿಗೆ ಅರ್ಧ ಗಂಟೆಯಿಂದ ಅವಸರ ಮಾಡುತ್ತಿತ್ತು.

ಹತ್ತು ಹೆಜ್ಜೆ ಹೋಗಿ ತಿರುಗಿದರೆ ಹಿಂದೆ ಮೂವರು. ಇನ್ನೈದು ಹೆಜ್ಜೆಗೆ ಮೂವತ್ತು. ಗಾಬರಿಯಾಗಿ ಬಿರಬಿರನೆ ನಡೆದರು, ಅವರೂ ನಡೆದರು. ಎಡಕ್ಕೇ ಇದ್ದ ಮೆಟ್ಟಿಲಿನ ಬಾಗಿಲನ್ನು ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಗಂಡಸರ ಶೌಚಾಲಯದ ಮುಂದೆ ಹಯವದನರು ನಿಂತಾಗ, ಹೆಂಗಸರೂ ಸೇರಿ, ಎಲ್ಲರೂ ನಿಂತರು.

ಕಚೇರಿಯಲ್ಲಿ ಅವರಂತೆಯೇ ಕನ್ನಡದವರಾದ ಪದ್ಮಾವತಿ ವಿಧೇಯತೆಯಿಂದ ಕೇಳಿದರು: "ಇಲ್ಲಿಂದ ಎಲ್ಲಿಗೆ ಸರ್?"

ಹಯವದನರು ಹಲ್ಲು ಕಚ್ಚಿಕೊಂಡು ಮೆಟ್ಟಿಲ ಕಡೆ ತಿರುಗಿದರು. ನಾಲ್ಕು ಮಹಡಿಯನ್ನೂ ಹೇಗೆ ಇಳಿದರೋ ದೇವರಿಗೇ ಗೊತ್ತು.

ಕೆಳಗೆ ಅರ್ಪಿತಾ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. ಆಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ಎಂಜಿನಿಯರ್. ಸೂರತ್ತಿನಲ್ಲೇ ಬೆಳೆದ ಕನ್ನಡದ ಹುಡುಗಿ. ಪರೀಕ್ಷೆಗೆಂದು ಗಂಟೆ ಹೊಡೆಸಿದವಳೂ ಅವಳೇ.

"ನೋಡಿ ಅಂಕಲ್, ಇದು ನಿನ್ನೆ ಮಾಡಿದ್ದು."

ಪರದೆಯ ಮೇಲೆ ಅವರದೇ ಮಹಡಿ. ಅರವತ್ತು ಚುಕ್ಕಿಗಳು ಕದಲದೆ ಕುಳಿತಿದ್ದವು. ಹಳದಿ ಚುಕ್ಕಿಯೊಂದು ಎದ್ದಿತು. ಹಿಂದೆ ಮೂರು, ಆಮೇಲೆ ಮೂವತ್ತು. ಅದು ದಾರಿ ತಪ್ಪಿ ಗೋಡೆಯತ್ತ ಹೋದರೂ ಉಳಿದವು ಬಾಗಿಲು ಬಿಟ್ಟು ಅದರ ಹಿಂದೆಯೇ ಹೋದವು. ಹಯವದನರಿಗೆ ಮಜ್ಜಿಗೆಯೂ ಅರೆಗಳಿಗೆ ಮರೆತುಹೋಯಿತು.

"ನಾವು ಏಳೂದಕ್ಕಿಂತ ಮೊದಲ ಇದಕ್ಕ ಗೊತ್ತಿತ್ತೇನವಾ?" ಎಂದರು ಮೆಲ್ಲನೆ.

"ಹೌದು ಅಂಕಲ್. ಬೆನ್ನ ಮೇಲೆ 'ಬೆಂಕಿ ಬಿದ್ದರೆ ನನ್ನ ಹಿಂದೆ ಬನ್ನಿ' ಅಂತ ಬರೆದಿರೋ ಈ ಜಾಕೆಟ್ ಹಾಕ್ಕೊಂಡು ಯಾರು ಏಳ್ತಾರೆ, ಅದು ಮಾತ್ರ ಗೊತ್ತಿರಲಿಲ್ಲ."

ಅಷ್ಟರಲ್ಲಿ ಮ್ಯಾನೇಜರರು ಬಂದು, ಹಯವದನರ ಕೈಯನ್ನು ಗಟ್ಟಿಯಾಗಿ ಹಿಡಿದು, ಗುಜರಾತಿಯಲ್ಲಿ ಉದ್ದನೆಯ ಮಾತು ಶುರುಮಾಡಿದರು. ಮಜ್ಜಿಗೆ ಮತ್ತೆ ನೆನಪಾಯಿತು. ಪ್ರತಿ ವಾಕ್ಯಕ್ಕೂ ಹಾ ಹಾ ಎನ್ನುತ್ತ, ಕೈ ಬಿಡಿಸಿಕೊಂಡು, ಹಯವದನರು ನೆಲಮಹಡಿಯ ಶೌಚಾಲಯಕ್ಕೆ ಓಡಿದರು.

ಹಗುರಾಗಿ ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಏನು ವಿಷಯವೆಂದು ಪದ್ಮಾವತಿಯವರನ್ನು ಕೇಳಿದರು.

"ಮ್ಯಾನೇಜರ್ ಕೇಳಿದ್ದಕ್ಕೆಲ್ಲ ಹಾ ಹಾ ಅಂತ ನೀವೇ ಒಪ್ಕೊಂಡ್ರಲ್ಲ ಸರ್," ಎಂದರು ಆಕೆ. "ಇನ್ಮೇಲೆ ಪ್ರತಿ ತಿಂಗಳೂ ಸೂರತ್ ಆಫೀಸಿನವರನ್ನೂ ನೀವೇ ಇಳಿಸಬೇಕಂತೆ. ಅಲ್ಲಿ ಹದಿನೆಂಟು ಮಹಡಿ."