ಮಡಿಲಿನ ಕಲ್ಲು

ಅಸ್ರಾತನ ಕಾರಿಗೆ ಮೂರು ಬ್ರೇಕುಗಳಿದ್ದವು. ಕಾಲಿನದೊಂದು, ಕೈಯದೊಂದು, ಇವೆರಡೂ ಹೆಸರಿಗೆ ಮಾತ್ರ. ನಂಬಬಹುದಾಗಿದ್ದ ಮೂರನೆಯದು ಅವನ ಹೆಂಡತಿ ಮುಲುನೆಶ್.

ಕ್ರಮ ಹೀಗಿತ್ತು. ಮುಲುನೆಶ್ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ನಾಲ್ಕು ಕಿಲೋ ತೂಕದ ಒಂದು ಕರಿಕಲ್ಲು ಇಟ್ಟುಕೊಂಡು ಕೂರುವಳು. ಕಾರು ಏರಿನಲ್ಲೋ ಇಳಿಜಾರಿನಲ್ಲೋ ನಿಲ್ಲುವ ಸೂಚನೆ ಕಂಡ ಕೂಡಲೇ ಬಾಗಿಲು ತೆರೆದು, ಅದು ಇನ್ನೂ ತೆವಳುತ್ತಿರುವಾಗಲೇ ಹಾರಿ, ಚಕ್ರಕ್ಕೆ ಕಲ್ಲು ಕೊಡುವಳು. ಆಮೇಲೆ ಅಸ್ರಾತ್ ಬಹಳ ಗಂಭೀರವಾಗಿ ಹ್ಯಾಂಡ್‌ಬ್ರೇಕ್ ಎಳೆಯುವನು. (ಅದು ಬರೀ ಶಾಸ್ತ್ರಕ್ಕೆ.) ಗೇರಿಗೆ ಹಾಕಿ ನಿಲ್ಲಿಸೋಣವೆಂದರೆ, ಮೊದಲನೇ ಗೇರು ಅರ್ಧ ನಿಮಿಷದಲ್ಲಿ ‘ಟಕ್’ ಎಂದು ತಾನಾಗಿಯೇ ಹೊರಬೀಳುತ್ತಿತ್ತು. ರಿವರ್ಸ್ ಗೇರಿಗೂ ಅದೇ ಚಾಳಿ.

ಅಡಿಸ್ ಅಬಾಬ ಗುಡ್ಡದ ಮೈಮೇಲೆ ಹರಡಿಕೊಂಡ ಊರು. ಅಸ್ರಾತ್ ಅಲ್ಲಿ ನೀರಿನ ಪೈಪು ಹಾಕುವವರಿಗೆ ಇಳಿಜಾರು ಅಳೆದುಕೊಡುವ ಸರ್ವೇಯರ್. ಯಾವ ಬೀದಿ ಎಷ್ಟು ಡಿಗ್ರಿ ಓರೆ ಎಂಬುದು ಅವನಿಗೆ ಬಾಯಿಪಾಠ. ಹಾಗಾಗಿ ಅವನ ತಲೆಯೊಳಗಿನ ಭೂಪಟದಲ್ಲಿ ಊರು ಎರಡೇ ಭಾಗವಾಗಿತ್ತು: ಕಲ್ಲಿಲ್ಲದೆ ನಿಲ್ಲಿಸಬಹುದಾದ ಜಾಗ, ಹೆಂಡತಿ ಜೊತೆಗಿದ್ದರೆ ಮಾತ್ರ ನಿಲ್ಲಿಸಬಹುದಾದ ಜಾಗ. ಮೊದಲನೆಯ ಭಾಗದಲ್ಲಿ ಒಂದು ಫುಟ್‌ಬಾಲ್ ಮೈದಾನ, ಎರಡು ಇಗರ್ಜಿ, ಮತ್ತು ಅವನ ಮನೆಯ ಅಂಗಳ ಇದ್ದವು.

ಕಾರು ತಿಳಿನೀಲಿ ಬಣ್ಣದ ಬೀಟಲ್. ಜರ್ಮನಿಯ ಲೆಕ್ಕದಲ್ಲಿ 1967ನೇ ಇಸವಿಯದು, ಇಥಿಯೋಪಿಯದ ಪಂಚಾಂಗದಲ್ಲಿ 1959ರದು. “ಓಡೋದು ಜರ್ಮನಿ ಲೆಕ್ಕದಲ್ಲಿ, ನಿಲ್ಲೋದು ನಮ್ಮ ಲೆಕ್ಕದಲ್ಲಿ. ಬ್ರೇಕ್ ಒತ್ತಿ ಏಳೆಂಟು ವರ್ಷ ಕಾಯ್ಬೇಕು” ಎಂದು ಮುಲುನೆಶ್ ನೆಂಟರ ಮುಂದೆ ಹೇಳುತ್ತಿದ್ದಳು. ಹೇಳುವ ಹಕ್ಕು ಅವಳಿಗಿತ್ತು. ಹನ್ನೊಂದು ವರ್ಷದ ಹಿಂದೆ ಮದುವೆಯಲ್ಲಿ ಅವಳಪ್ಪ ಆ ಕಾರನ್ನು ಮಗಳ ಹೆಸರಿಗೇ ಬರೆದು ಕೊಟ್ಟಿದ್ದರು. ಕಲ್ಲೂ ಜೊತೆಗೇ ಬಂತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅದು ಅವಳಮ್ಮನ ಮಡಿಲಲ್ಲಿತ್ತು.

ಮುಲುನೆಶ್ ಬಳಿ ಆರು ವರ್ಷದಿಂದ ಲೈಸೆನ್ಸ್ ಇತ್ತು. ಕೀಲಿ ಕೇಳಿದಾಗಲೆಲ್ಲ ಅಸ್ರಾತ್ ಒಂದೇ ಉತ್ತರ ಕೊಡುತ್ತಿದ್ದ: “ಈ ಬ್ರೇಕು ಪಳಗಿದ ಕಾಲಿಗೆ ಮಾತ್ರ ಬಗ್ಗುತ್ತೆ. ಅದೊಂದು ಸರಿಯಾಗ್ಲಿ, ಅವತ್ತೇ ಕೀಲಿ ನಿನ್ನ ಕೈಗೆ.” ಬ್ರೇಕು ಯಾವ ಕಾಲಕ್ಕೂ ಸರಿಯಾಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತದು.

ಹೀಗಿರುವಾಗ ಮುಲುನೆಶ್‌ಳ ಕೊನೆಯ ತಂಗಿ ಫಿಕಿರ್ತೆಗೆ ಮದುವೆ ನಿಶ್ಚಯವಾಯಿತು.

“ಕೇಳು ಅಸ್ರಾತ್,” ಎಂದಳು ಮುಲುನೆಶ್, ಕಾಫಿ ಬೀಜ ಹುರಿಯುತ್ತ. “ಫಿಕಿರ್ತೆಗೆ ಅಪ್ಪನ ಕಾರಲ್ಲೇ ಮದುವೆಗೆ ಹೋಗ್ಬೇಕಂತೆ. ಅಪ್ಪ ಅಂತೂ ಇಲ್ಲ, ಕಾರಾದ್ರೂ ಇರ್ಲಿ ಅಂತಾಳೆ.”

“ಆಹಾ, ಸಂತೋಷ!”

“ಸಂತೋಷ ಆಮೇಲೆ ಪಡು. ಹೊಸ ಬಿಳಿ ಬಟ್ಟೆ ಹಾಕ್ಕೊಂಡು, ಮಡಿಲಲ್ಲಿ ಕಲ್ಲು ಇಟ್ಕೊಂಡು, ನಾನೂರು ಜನರ ಎದುರಿಗೆ ಓಡೋ ಕಾರಿಂದ ನಾನು ಹಾರಲ್ಲ. ಕ್ಯಾಮೆರಾದವನು ಬೇರೆ ಬರ್ತಾನೆ.”

“ಓಡೋ ಕಾರು ಅನ್ಬೇಡ. ತೆವಳೋ ಕಾರು.”

“ಬ್ರೇಕ್ ಸರಿ ಮಾಡ್ಸು. ಇಲ್ಲ ಅಂದ್ರೆ ಮದುವೆಗೆ ಬಾಡಿಗೆ ಕಾರು ತರ್ತೀನಿ. ಮದುವೆ ಕಳೆದ ಸೋಮವಾರ ಇದನ್ನ ಮಾರ್ತೀನಿ. ನನ್ನ ಹೆಸರಲ್ಲಿದೆ, ನೆನಪಿದೆ ತಾನೆ?”

ಅಸ್ರಾತನಿಗೆ ಚೆನ್ನಾಗಿ ನೆನಪಿತ್ತು. ಅವನ ಜೀವನದಲ್ಲಿ ಅವನ ಅಪ್ಪಣೆಯಂತೆ ಅಲುಗಾಡುವ ವಸ್ತು ಎಂದರೆ ಅದೊಂದೇ ಕಾರು. (ಅಲುಗಾಡುವುದಷ್ಟೇ ಅಪ್ಪಣೆಯಂತೆ.) ಅದೂ ಹೋದರೆ ಅಳತೆಗೋಲು ಹೊತ್ತುಕೊಂಡು ಮಿನಿಬಸ್ಸಿನಲ್ಲಿ ನೇತಾಡಬೇಕು. ಅಂದೇ ಪ್ರತಿಜ್ಞೆ ಮಾಡಿದ: “ಈ ಮದುವೆ ದಿನ ನಿನ್ನ ಮಡಿಲಲ್ಲಿ ಕಲ್ಲಿರಲ್ಲ. ಹೂವಿರುತ್ತೆ.”

ಮರುದಿನ ಮೆರ್ಕಾಟೊ ಮಾರುಕಟ್ಟೆಯ ಹಳೇ ಸಾಮಾನಿನ ಓಣಿಗೆ ಹೋದ. ಅಲ್ಲಿ ವ್ಯಾಪಾರಿಯೊಬ್ಬ ಮುಂದಿನ ಚಕ್ರದ ಒಂದು ಜೊತೆ ಡಿಸ್ಕ್ ಬ್ರೇಕ್ ತೋರಿಸಿದ. ಎಪ್ಪತ್ತರ ದಶಕದ ಬೀಟಲ್ಲಿನದು. “ಜರ್ಮನ್ ಡಾಕ್ಟರ್ ಒಬ್ರ ಕಾರಿಂದು, ಅಣ್ಣಾ. ಪುಣ್ಯಾತ್ಮರು ಬ್ರೇಕ್ ಒತ್ತಿದ್ದೇ ಕಮ್ಮಿ.” ಬ್ರೇಕ್ ಒತ್ತದ ಡಾಕ್ಟರ ಕಾರು ಗುಜರಿಗೆ ಹೇಗೆ ಬಂತು ಎಂದು ಅಸ್ರಾತ್ ಕೇಳಲಿಲ್ಲ. ಹದಿನೆಂಟು ಸಾವಿರ ಬಿರ್ ಹೇಳಿದ್ದನ್ನು ಒಂಬತ್ತಕ್ಕೆ ಇಳಿಸಿ, ತಾನೇ ಆ ಡಾಕ್ಟರನ ವಾರಸುದಾರನೆಂಬ ಠೀವಿಯಲ್ಲಿ ಮನೆಗೆ ತಂದ.

ಮೆಕ್ಯಾನಿಕ್ ಹಬ್ತೆ ಅರವತ್ತು ದಾಟಿದ ಮನುಷ್ಯ. ಇಡೀ ಬಡಾವಣೆಗೆ ದೊಡ್ಡಣ್ಣನ ಲೆಕ್ಕ. ಎಲ್ಲರೂ ‘ಗಾಶ್ ಹಬ್ತೆ’ ಎಂದೇ ಕರೆಯುವುದು. ಅವರು ಡಿಸ್ಕನ್ನು ತಿರುಗಿಸಿ ನೋಡಿ ತಲೆ ಆಡಿಸಿದರು.

“ಸಾಮಾನು ಒಳ್ಳೇದೇ. ಆದ್ರೆ ಇದಕ್ಕೆ ನಾಲ್ಕು ಬೋಲ್ಟು, ನಿನ್ನ ಚಕ್ರಕ್ಕೆ ಐದು ತೂತು. ಮುಂದಕ್ಕೆ ಬೇರೆ ಚಕ್ರ ಎರಡು ಬೇಕು.”

“ತಂದ್ರಾಯ್ತು, ಗಾಶ್ ಹಬ್ತೆ.”

“ಹಿಂದಿನ ಬ್ರೇಕ್ ಶೂ ಸವೆದು ಹಪ್ಪಳ ಆಗಿದೆ. ಹ್ಯಾಂಡ್‌ಬ್ರೇಕ್ ತಂತಿ ಜೋತು ಬಿದ್ದಿದೆ. ಅದನ್ನೂ ಈಗಲೇ ಹಾಕ್ಸು. ಇನ್ನೊಂದು ನಾಲ್ಕು ಸಾವಿರ.”

ಅಸ್ರಾತನೊಳಗಿನ ಮಿತವ್ಯಯ ಮಹರ್ಷಿ ಕಣ್ಣು ತೆರೆದ. “ಮುಂದೆ ಡಿಸ್ಕ್ ಬಂದ ಮೇಲೆ ಹಿಂದಿಂದು ಯಾರಿಗೆ ಬೇಕು? ಕಾರು ಮುಂದಕ್ಕೆ ತಾನೆ ಹೋಗೋದು?”

“ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಾನ, ಮಗೂ.”

“ನನಗೆ ಬೇಕಾಗಿರೋದು ನಿಲ್ಲೋ ಕಾರು, ಗಾಶ್ ಹಬ್ತೆ.”

“ನಿಲ್ಲೋದು ಬೇರೆ, ನಿಂತಿರೋದು ಬೇರೆ,” ಎಂದು ಹೇಳಿ ಹಬ್ತೆ ಕಾರಿನಡಿ ನುಸುಳಿದರು. ದೊಡ್ಡವರು ವಯಸ್ಸಾದ ಮೇಲೆ ಹೀಗೆ ಗೂಢವಾಗಿ ಮಾತಾಡುತ್ತಾರೆಂದು ಅಸ್ರಾತ್ ಅಂದುಕೊಂಡ.

ಮೂರು ದಿನ ಕೆಲಸ ನಡೆಯಿತು. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಆ ಹೊಣೆ ಮುಲುನೆಶ್‌ಳ ಮೇಲೆ ಬಿತ್ತು. ಅವಳೋ ಮದುವೆಯ ಕೋಳಿ ಸಾರಿಗೆ ಒಂದು ಮೂಟೆ ಈರುಳ್ಳಿ ಹೆಚ್ಚಬೇಕಿತ್ತು. ತಟ್ಟೆ ಮಡಿಲಲ್ಲಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು.

“ಒತ್ತು!” ಎಂದ ಅಸ್ರಾತ್ ಕಾರಿನಡಿಯಿಂದ.

“ಒತ್ತಿದೆ.”

“ಹಿಡ್ಕೊಂಡಿರು!”

“ಎಷ್ಟು ಹೊತ್ತು?”

“ನಾನು ಹೇಳೋವರೆಗೆ!”

“ಮದುವೆ ಇರೋದು ಭಾನುವಾರ, ಅದರೊಳಗೆ ಹೇಳು.”

ಈರುಳ್ಳಿ ಖಾರಕ್ಕೆ ಅವಳ ಕಣ್ಣಿಂದ ಧಾರಾಕಾರ ನೀರು. ಗೇಟಿನಿಂದ ಇಣುಕಿದ ಪಕ್ಕದ ಮನೆಯ ಮುದುಕಿಗೆ ಕಂಡದ್ದು ಇಷ್ಟು: ಸ್ಟಿಯರಿಂಗ್ ಹಿಂದೆ ಬಿಕ್ಕುತ್ತಿರುವ ಹೆಂಡತಿ, ಕಾರಿನಡಿಯಿಂದ ಚಾಚಿಕೊಂಡ ಗಂಡನ ಎರಡು ಕಾಲು. ಅವಳು ಎದೆ ಬಡಿದುಕೊಂಡು ಕಿರುಚಿದ್ದಕ್ಕೆ ಬೀದಿಯೇ ನೆರೆಯಿತು.

“ಏನಿಲ್ಲಮ್ಮಾ,” ಎಂದಳು ಮುಲುನೆಶ್ ಮೂಗೊರೆಸಿಕೊಂಡು, “ಇನ್ನೂ ಜೀವ ಇದೆ. ಒತ್ತು ಒತ್ತು ಅಂತ ಅವನೇ ಕೂಗ್ತಿದಾನೆ.”

ನೆರೆದವರಿಗೆ ಅಸ್ರಾತ್ ಕಾರಿನಡಿಯಿಂದ ಎದ್ದುಬಂದು ಡಿಸ್ಕ್ ಬ್ರೇಕಿನ ಮಹಿಮೆ ವಿವರಿಸಿದ. ಅಲ್ಲಿಂದ ಶುರುವಾದ ವಿವರಣೆ ಮದುವೆಯವರೆಗೆ ನಿಲ್ಲಲಿಲ್ಲ. ಕಚೇರಿಯಲ್ಲಿ, ಕಾಫಿ ಅಂಗಡಿಯಲ್ಲಿ, ಮದುವಣಿಗನ ಚಿಕ್ಕಪ್ಪನ ಮುಂದೆ (ಆತ ಹೊಸದೊಂದು ಬಿಳಿ ಜೀಪು ಕೊಂಡಿದ್ದ) ಹೇಳಿದ್ದೇ ಹೇಳಿದ: “ಒಂಬತ್ತು ಸಾವಿರದಲ್ಲಿ ನಾನು ಮಾಡಿದ್ದನ್ನ ನೀವು ಒಂಬತ್ತು ಲಕ್ಷದಲ್ಲಿ ಮಾಡೋಕಾಗಲ್ಲ.” ಮಾತಿನಲ್ಲಿ ಹುರುಳೂ ಇತ್ತು. ಪೆಡಲ್ ಮುಟ್ಟಿದರೆ ಸಾಕು, ಕಾರು ಗೋಡೆಗೆ ಮೂಗು ತಾಗಿಸಿದಂತೆ ನಿಲ್ಲುತ್ತಿತ್ತು. ಪರೀಕ್ಷೆಗೆಂದು ಊರೆಲ್ಲ ಸುತ್ತಿ ಬಂದು ಗೇಟಿನ ಮುಂದಿನ ಏರಿನಲ್ಲಿ ಹಾರನ್ ಹೊಡೆಯುವನು, ಮುಲುನೆಶ್ ಒಳಗಿನಿಂದ ಗೇಟು ತೆಗೆಯುವಳು, ಕಾರು ಸಮತಟ್ಟಾದ ಅಂಗಳಕ್ಕೆ ಬಂದು ನಿಲ್ಲುವುದು. ಏರಿನಲ್ಲಿ ಪೆಡಲಿನಿಂದ ಕಾಲು ತೆಗೆದು ನೋಡುವ ಪ್ರಮೇಯ ಒಮ್ಮೆಯೂ ಬರಲಿಲ್ಲ.

ಶನಿವಾರ ಸಂಜೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಮನೆಯವರೆಲ್ಲ ನೋಡುವಂತೆ ನಡೆದು ಹೋಗಿ ಬೀದಿಯ ಚರಂಡಿಗೆ ಹಾಕಿದ. “ಒಂದು ಯುಗ ಮುಗಿಯಿತು,” ಎಂದ.

ಭಾನುವಾರ ಇಗರ್ಜಿಯಿಂದ ಹೊರಟ ದಿಬ್ಬಣ ಹಾರನ್ ಬಾರಿಸುತ್ತ ಊರು ಸುತ್ತಿ, ಗುಡ್ಡದ ಮೇಲಿದ್ದ ಗಂಡಿನ ಮನೆಯ ಓಣಿಗೆ ಬಂತು. ಮೊದಲ ಕಾರು ಅಸ್ರಾತನದು. ರಿಬ್ಬನ್ನು, ಹೂವು, ಹಿಂದಿನ ಸೀಟಿನಲ್ಲಿ ಮದುಮಕ್ಕಳು. ಮುಲುನೆಶ್‌ಳ ಮಡಿಲಲ್ಲಿ ನಿಜಕ್ಕೂ ಹೂವಿತ್ತು. ಚಪ್ಪರದ ಎದುರು ಅಸ್ರಾತ್ ಬ್ರೇಕ್ ಒತ್ತಿದ. ಕಾರು ಬೆಣ್ಣೆಗೆ ಚೂರಿ ಇಳಿದಂತೆ ನಿಂತಿತು. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಹಾಡಿದರು. ಮುಲುನೆಶ್ ಬರಿಗೈಯಲ್ಲಿ, ರಾಣಿಯ ಹಾಗೆ, ನಿಂತ ಕಾರಿನಿಂದ ಇಳಿದಳು. ತಿರುಗಿ ಗಂಡನನ್ನು ನೋಡಿ ನಕ್ಕಳು. ಹನ್ನೊಂದು ವರ್ಷದಲ್ಲಿ ಅಂಥ ನಗೆಯನ್ನು ಅವನು ಕಂಡದ್ದು ಎರಡನೇ ಸಲ.

ಮದುಮಕ್ಕಳೂ ಇಳಿದರು. ಅಸ್ರಾತ್ ಹ್ಯಾಂಡ್‌ಬ್ರೇಕ್ ಎಳೆದು ಪೆಡಲಿನಿಂದ ಕಾಲು ತೆಗೆದ.

ಕಾರು ಒಂದು ಗೇಣು ಹಿಂದೆ ಸರಿಯಿತು.

ಒತ್ತಿದ. ನಿಂತಿತು. ಗೇರಿಗೆ ಹಾಕಿ ಮತ್ತೆ ಕಾಲು ತೆಗೆದ. ‘ಟಕ್.’ ಇನ್ನೊಂದು ಗೇಣು. ಕನ್ನಡಿಯಲ್ಲಿ ನೋಡಿದರೆ ಬೆನ್ನಿಗೆ ಎರಡೇ ಮೊಳದ ದೂರದಲ್ಲಿ ಚಿಕ್ಕಪ್ಪನ ಬಿಳಿ ಜೀಪು. ಸರ್ವೇಯರನ ಕಣ್ಣು ತಾನಾಗಿಯೇ ಅಳೆಯಿತು: ಹನ್ನೊಂದು ಡಿಗ್ರಿ ಓರೆ. ನಾಲ್ಕನೇ ಪ್ರಯತ್ನಕ್ಕೆ ಯಾರೋ ಚಪ್ಪಾಳೆ ತಟ್ಟಿದರು. “ನೋಡ್ರೋ, ಕಾರೂ ಕುಣೀತಿದೆ!”

ನಿಲ್ಲೋದು ಬೇರೆ, ನಿಂತಿರೋದು ಬೇರೆ. ಗಾಶ್ ಹಬ್ತೆ ಗೂಢವಾಗಿ ಏನೂ ಮಾತಾಡಿರಲಿಲ್ಲ.

ಒಂದು ಕಲ್ಲು ಕೊಡಿ ಎಂದಿದ್ದರೆ ನೂರು ಜನ ತರುತ್ತಿದ್ದರು. ಆದರೆ ವಾರವಿಡೀ ಊರಿಗೆಲ್ಲ ಉಪನ್ಯಾಸ ಕೊಟ್ಟವನು, ಅದೂ ಆ ಜೀಪಿನವನ ಎದುರು, ಕಲ್ಲು ಕೇಳುವುದು ಹೇಗೆ? ಅಸ್ರಾತ್ ಕಾಲೂರಿ ಕೂತ.

“ಊಟಕ್ಕೆ ಬಾರಯ್ಯ!” ಎಂದು ಚಿಕ್ಕಪ್ಪನೇ ಕರೆಯಲು ಬಂದ.

“ಮದುಮಗಳ ಕಾರನ್ನ ಒಂಟಿಯಾಗಿ ಬಿಟ್ಟು ಹೋಗೋ ಪದ್ಧತಿ ನಮ್ಮ ಮನೆತನದಲ್ಲಿಲ್ಲ,” ಎಂದ ಅಸ್ರಾತ್. ಆ ಪದ್ಧತಿಗೆ ಆಗಷ್ಟೇ ಅರ್ಧ ನಿಮಿಷ ವಯಸ್ಸಾಗಿತ್ತು.

ಚಿಕ್ಕಪ್ಪನ ಕಣ್ಣು ಒದ್ದೆಯಾಯಿತು. “ಈ ಕಾಲದಲ್ಲಿ ಇಂಥ ಮರ್ಯಾದೆ ಯಾರಿಗಿದೆ!” ಎಂದು ಒಂದು ಹೂಜಿ ಜೇನುಮದ್ಯ ಕಳಿಸಿದ. ಗೌರವಕ್ಕೆ ಕುಡಿಯಬೇಕಾಯಿತು. ಮುಕ್ಕಾಲು ಗಂಟೆಯ ನಂತರ ಅದರಿಂದ ಇನ್ನೊಂದು ಸಂಕಟ ಹುಟ್ಟಿತು. ಆದರೆ ಅದಕ್ಕೂ ಕಾರಿನಿಂದ ಇಳಿಯಲೇಬೇಕಿತ್ತು. ಬಲಗಾಲು ಮೊದಲು ನೋಯಿತು, ಆಮೇಲೆ ನಡುಗಿತು, ಆಮೇಲೆ ಬೇರೆ ಯಾರದೋ ಕಾಲಾಯಿತು.

ಎರಡೂವರೆ ಗಂಟೆಯಾದ ಮೇಲೆ ಮುಲುನೆಶ್ ತಟ್ಟೆ ಹಿಡಿದು ಬಂದಳು. ಇಂಜೆರ ರೊಟ್ಟಿ ಹರಿದು, ಕೋಳಿ ಸಾರು ಸುತ್ತಿ, ಮುಷ್ಟಿಗಾತ್ರದ ತುತ್ತು ಮಾಡಿದಳು. “ಬಾಯಿ ತೆರೆ.” ಕೈತುತ್ತೂ ಪ್ರೀತಿಯೂ ಉಸಿರು ಕಟ್ಟಿಸಬೇಕು ಎಂಬುದು ಅಲ್ಲಿನ ಗಾದೆ. ಅವಳು ಎರಡನ್ನೂ ಒಟ್ಟಿಗೆ ತುರುಕಿದಳು.

“ಕಾಲು ಹೇಗಿದೆ?”

ಅಸ್ರಾತನ ಬಾಯಿ ತುಂಬಿತ್ತು.

“ಹಿಂದಿನ ಎರಡು ಕೆಂಪು ದೀಪ ಆಗಿಂದ ಉರೀತಾನೇ ಇದೆ. ಜನ ಅಲಂಕಾರ ಅಂದ್ಕೊಂಡಿದಾರೆ. ಮೂರು ದಿನ ಆ ಪೆಡಲ್ ಒತ್ತಿದವಳು ನಾನು, ನನಗೆ ಗೊತ್ತಾಗಲ್ವಾ?”

ಅವಳು ಕಾರಿನ ಮುಂಭಾಗಕ್ಕೆ ಹೋಗಿ, ರಿಬ್ಬನ್ ಸರಿಸಿ, ಡಿಕ್ಕಿ ತೆರೆದಳು. (ಬೀಟಲ್ಲಿಗೆ ಡಿಕ್ಕಿ ಮುಂದೆ.) ಮಡಿಸಿಟ್ಟ ಬಿಳಿ ಶಾಲಿನ ಅಡಿಯಿಂದ ತೆಗೆದದ್ದು ಆ ಕಲ್ಲು. ತೊಳೆದು ಮಿರಮಿರ ಮಿಂಚುತ್ತಿತ್ತು.

“ಅದನ್ನ ಚರಂಡಿಗೆ...”

“ಅಮ್ಮನ ಕಲ್ಲು. ಚರಂಡೀಲಿ ಬಿಡ್ತೀನಾ?”

“ಮತ್ತೆ ಮೊದಲೇ ಕೊಡೋದಲ್ವೇನೇ!”

“ಹನ್ನೊಂದು ವರ್ಷ ನಾನು. ಒಂದು ಮಧ್ಯಾಹ್ನ ನೀನು. ಬಹಳ ಆಯ್ತಾ?” ಎಂದು ಚಕ್ರಕ್ಕೆ ಕಲ್ಲು ಕೊಟ್ಟಳು.

ಅಸ್ರಾತ್ ಇಳಿದು, ಒಂದೇ ಕಾಲಲ್ಲಿ ಕುಂಟುತ್ತ, ಮದುವೆಯಲ್ಲಿ ಯಾರೂ ಓಡದ ವೇಗದಲ್ಲಿ ಮನೆಯ ಹಿತ್ತಿಲಿಗೆ ಓಡಿದ. ಮರಳಿ ಬಂದಾಗ ಹೊರಡುವ ಹೊತ್ತು. ಮುಲುನೆಶ್ ಡ್ರೈವರ್ ಬಾಗಿಲ ಬಳಿ ಕೈ ಚಾಚಿ ನಿಂತಿದ್ದಳು.

“ಕೀಲಿ.”

“ಈಗ್ಲಾ? ಬ್ರೇಕು ಇನ್ನೂ...”

“ಇನ್ನೂ ಏನು? ಸರಿ ಇದೆಯಾ, ಇಲ್ವಾ? ಸರಿ ಇಲ್ಲ ಅಂದ್ರೆ ಹೇಳ್ಬಿಡು. ನಾಳೆ ಸೋಮವಾರ.”

ಚಿಕ್ಕಪ್ಪ ಜೀಪಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ. ಅಸ್ರಾತ್ ಆಕಾಶ ನೋಡಿದ, ಜೀಪು ನೋಡಿದ.

“ಸರಿ ಇದೆ.”

“ಕೇಳಿಸ್ಲಿಲ್ಲ.”

“ಸರಿ ಇದೆ! ಇಂಥ ಬ್ರೇಕು ಅಡಿಸ್‌ನಲ್ಲೇ ಇನ್ನೊಂದಿಲ್ಲ!” ಎಂದು ಕೀಲಿ ಕೊಟ್ಟ.

ಅವಳು ಓಡಿಸಿದಳು, ಅವನಿಗಿಂತ ಮೆದುವಾಗಿ. ಅವನು ಪಕ್ಕದಲ್ಲಿ ಕೂತ. ಹೂವು ಹಿಂದಿನ ಸೀಟಿಗೆ ಹೋಗಿತ್ತು. ನಾಲ್ಕು ಕಿಲೋ ತೊಡೆಯ ಮೇಲೆ ಎಷ್ಟು ಭಾರವೆಂದು ಅಳತೆಯ ಮನುಷ್ಯನಿಗೆ ಮೊದಲ ಸಲ ಗೊತ್ತಾಯಿತು. ಮನೆಯ ಗೇಟಿನ ಏರಿನಲ್ಲಿ ಮುಲುನೆಶ್ ವೇಗ ಇಳಿಸಿದಳು. ಹಾರನ್ ಹೊಡೆದರೆ ತೆಗೆಯಲು ಒಳಗೆ ಯಾರೂ ಇರಲಿಲ್ಲ.

ಅಸ್ರಾತ್ ಬಾಗಿಲು ತೆರೆದು, ಕಾರು ಇನ್ನೂ ತೆವಳುತ್ತಿರುವಾಗಲೇ ಕಲ್ಲಿನೊಂದಿಗೆ ಹಾರಿದ.

“ಬಲಗಡೆ ಚಕ್ರಕ್ಕೆ!” ಎಂದು ಮುಲುನೆಶ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. “ಚಪ್ಪಟೆ ಬದಿ ಕೆಳಗೆ!”