ಎಡಗಡೆಯ ಮುಂದಿನ ಸೀಟು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಐದು ನಿಮಿಷವಿರುವಾಗ ಸುಂದರೇಶನ ಫೋನು ಬಡಿದುಕೊಂಡಿತು.

"ಸಾರ್, ಸರ್ವೀಸ್ ಸೆಂಟರಿನಿಂದ ಧರಣಿ ಮಾತಾಡ್ತಿರೋದು. ನಿಮ್ಮ ಏರ್‌ಬ್ಯಾಗ್ ಬಂದಿದೆ."

ಸುಂದರೇಶ ಕೈಯಲ್ಲಿದ್ದ ದೋಸೆಯ ಚೂರನ್ನು ಚಟ್ನಿಯ ಬದಲು ಕಾಫಿಯಲ್ಲಿ ಅದ್ದಿದ.

"ಒಂದೇ ಒಂದು ಬಂದಿರೋದು ಸಾರ್. ಹನ್ನೆರಡರೊಳಗೆ ಕಾರು ತಂದ್ರೆ ನಿಮಗೆ. ಇಲ್ಲಾಂದ್ರೆ ಲಿಸ್ಟಲ್ಲಿ ಮುಂದಿನವರಿಗೆ. ಮತ್ತೆ ಯಾವಾಗ ಬರುತ್ತೆ ಅಂತ ಮಾತ್ರ ಕೇಳ್ಬೇಡಿ, ನಮಗೇ ಗೊತ್ತಿಲ್ಲ."

ಹನ್ನೊಂದು ತಿಂಗಳ ಹಿಂದೆ ಕಾರಿನ ಕಂಪನಿಯಿಂದ ಒಂದು ಕಾಗದ ಬಂದಿತ್ತು. ಎಡಗಡೆಯ ಮುಂದಿನ ಸೀಟಿನೆದುರು ಇರುವ ಏರ್‌ಬ್ಯಾಗಿನಲ್ಲಿ ದೋಷವಿದೆ, ಕಾಪಾಡಬೇಕಾದ ಹೊತ್ತಿನಲ್ಲಿ ಅದು ಸಿಡಿದು ಲೋಹದ ಚೂರುಗಳನ್ನು ಎರಚಬಹುದು, ಉಚಿತವಾಗಿ ಬದಲಿಸಿಕೊಡುತ್ತೇವೆ, ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಅದರಲ್ಲಿ ಬರೆದಿತ್ತು. ಹೊಸ ಏರ್‌ಬ್ಯಾಗ್ ಸದ್ಯ ದಾಸ್ತಾನಿನಲ್ಲಿಲ್ಲ ಎಂಬ ವಿಷಯವನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು.

ಬೇರೆಯವರ ಮನೆಯಲ್ಲಾಗಿದ್ದರೆ ಹಿಂದಿನ ಸೀಟಿನಲ್ಲಿ ಕೂತು ಓಡಾಡುತ್ತಿದ್ದರು. ಆದರೆ ಸುಂದರೇಶನ ಹೆಂಡತಿ ಮಾಲವಿಕಾಗೆ ಕಾರಿನ ಹಿಂದಿನ ಸೀಟು ಆಗದು. ಬೀದಿಯ ತಿರುವು ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಹಿಂದೆ ಕೂತರೆ ವಾಂತಿ, ಮುಂದೆ ಕೂತರೆ ಸ್ಫೋಟ. ಹನ್ನೊಂದು ತಿಂಗಳಿಂದ ಅವಳು ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕಾರು ಸಿದ್ಧಾರ್ಥನಗರದ ಅವರ ಮನೆಯ ಮುಂದೆ, ಬೀಗರು ವಾಪಸು ಒಯ್ಯದ ಮಂಚದಂತೆ ಬಿದ್ದುಕೊಂಡಿತ್ತು.

ಮಾರನೆಯ ದಿನ ಚಾಮರಾಜನಗರದಲ್ಲಿ ಅವಳ ತಂಗಿಯ ಗೃಹಪ್ರವೇಶ.

"ಗೃಹಪ್ರವೇಶಕ್ಕೆ ನಿಮ್ಮ ಪಕ್ಕದಲ್ಲಿ ಕೂತು ಕಾರಲ್ಲಿ ಹೋಗ್ತೀನಿ," ಎಂದು ಮಾಲವಿಕಾ ಎರಡು ವಾರದ ಹಿಂದೆಯೇ ಹೇಳಿಬಿಟ್ಟಿದ್ದಳು. "ಆಗಲಿಲ್ಲ ಅಂದ್ರೆ ಬಸ್ಸಲ್ಲಿ ಒಬ್ಬಳೇ ಹೋಗ್ತೀನಿ. ಗಂಡ ಎಲ್ಲಮ್ಮಾ ಅಂತ ಕೇಳಿದವರನ್ನೆಲ್ಲ ಕೂರಿಸಿಕೊಂಡು ಕಾರಣಾನೂ ಹೇಳ್ತೀನಿ."

ಆ ಗೃಹಪ್ರವೇಶಕ್ಕೆ ಮುನ್ನೂರು ಜನ ಬರುವವರಿದ್ದರು.

ಸುಂದರೇಶ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕ. ಎಲ್ಲವನ್ನೂ ಲೆಕ್ಕ ಹಾಕಿ ಧೈರ್ಯ ತಂದುಕೊಳ್ಳುವುದು ಅವನ ಅಭ್ಯಾಸ. ದಾರಿ ಅರ್ಧ ಗಂಟೆಯದು, ಕೈಯಲ್ಲಿ ಎರಡು ಗಂಟೆ ಇದೆ. "ಸಾಯಂಕಾಲ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ನೋಡು," ಎಂದು ಹೆಂಡತಿಗೆ ಹೇಳಿ, ಕಾಲೇಜಿಗೆ ರಜೆ ತಿಳಿಸಿ, ಕೀಲಿ ತೆಗೆದುಕೊಂಡು ಹೊರಗೆ ಬಂದ.

ಎದುರುಮನೆಯ ಮಂಗಳಮ್ಮ ತುಳಸಿಗೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟರು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು ಅವರು. ಬೀದಿಯಲ್ಲಿ ಯಾರು ಹೊರಟರೂ ಹಾಜರಿ ಕರೆಯುತ್ತಿದ್ದರು.

"ಎಲ್ಲಿಗೋ ಹೊರಟೆ? ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ."

"ಹತ್ತೂವರೆಗೆ ಮುಂಚೆ ಹೊರಟುಬಿಡ್ತೀನಿ ಟೀಚರ್."

"ಹೊರಟ್ರೆ ಸಾಕೇನೋ? ಕೆಲಸ ರಾಹುಕಾಲದಲ್ಲಿ ತಾನೇ ಆಗೋದು? ಪರಸ್ಥಾನ ಇಡು. ಒಳ್ಳೇ ಹೊತ್ತಲ್ಲಿ ಕಾರು ತಗೊಂಡೋಗಿ ಇನ್ನೊಬ್ಬರ ಮನೆ ಮುಂದೆ ನಿಲ್ಸು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಯಾವ ರಾಹುನೂ ಏನೂ ಮಾಡಕ್ಕಾಗಲ್ಲ."

ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ವಾದ ಮಾಡಿದರೆ ಹತ್ತು ನಿಮಿಷ, ಪರಸ್ಥಾನಕ್ಕೆ ಒಂದು ನಿಮಿಷ. ಸುಂದರೇಶ ಕಾರನ್ನು ಹದಿನೈದು ಅಡಿ ಮುಂದಕ್ಕೆ ತಂದು ಪಕ್ಕದ ಮನೆಯ ಸದಾಶಿವಯ್ಯನವರ ಗೇಟಿನ ಮುಂದೆ ನಿಲ್ಲಿಸಿದ.

ಮೊದಲ ತಪ್ಪಾದದ್ದು ಅಲ್ಲಿಯೇ. ಸರ್ವೆ ಇಲಾಖೆಯಿಂದ ನಿವೃತ್ತರಾಗಿದ್ದ ಸದಾಶಿವಯ್ಯನವರು ತಮ್ಮ ಗೇಟಿಗೆ ಬಂದ ಕಾರನ್ನು ತಮ್ಮನ್ನು ಕರೆದೊಯ್ಯಲು ಬಂದದ್ದೆಂದೇ ತಿಳಿದರು. ಅಲ್ಲದೆ ಅದು ಮೊದಲು ಅವರದೇ ಕಾರು. ಎರಡು ವರ್ಷದ ಹಿಂದೆ ಸುಂದರೇಶನಿಗೆ ಮಾರಿದ್ದರೂ ಅದರ ಮೇಲಿನ ಹಕ್ಕನ್ನು ಅವರು ಮಾರಿರಲಿಲ್ಲ.

"ಸರ್ವೀಸ್ ಸೆಂಟರಿಗಾ? ನಡೀರಿ, ನಾನೂ ಬರ್ತೀನಿ. ನಿಮ್ಮಂಥ ಮೆತ್ತಗಿನೋರು ಒಬ್ಬರೇ ಹೋದ್ರೆ ಮೋಸ ಮಾಡ್ತಾರೆ," ಎನ್ನುತ್ತ ಎಡಗಡೆಯ ಮುಂದಿನ ಬಾಗಿಲು ತೆಗೆದು ಕೂತೇಬಿಟ್ಟರು.

"ಸಾರ್! ಅಲ್ಲಿ ಬೇಡ! ಅದು ಸಿಡಿಯುತ್ತೆ!"

"ಎಪ್ಪತ್ತೆರಡು ವರ್ಷದಲ್ಲಿ ನಾನು ಯಾವತ್ತೂ ಹಿಂದೆ ಕೂತಿಲ್ಲ ಕಣ್ರೀ. ಸಿಡಿಯಲಿ, ನೋಡೇಬಿಡೋಣ."

ಅಷ್ಟರಲ್ಲಿ ಮಂಗಳಮ್ಮ ಸೀರೆ ಬದಲಾಯಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು. "ಹೆಂಗೂ ಹೋಗ್ತಿದೀಯಲ್ಲ, ನನ್ನ ಅಶೋಕಪುರಂನಲ್ಲಿ ಇಳಿಸಿಬಿಡು. ಪುಟ್ಟಮಾದಮ್ಮನ ಹತ್ರ ಬ್ಲೌಸು ಹೊಲಿಯೋಕೆ ಕೊಟ್ಟಿದೀನಿ."

"ಟೀಚರ್, ನಾನು ಹೋಗೋದು ಹುಣಸೂರು ರಸ್ತೆಗೆ. ಅಶೋಕಪುರಂ ಆ ಕಡೆಗಲ್ವಾ?"

"ಕಾರಿಗೆ ಯಾವ ಕಡೆಯಾದರೇನು? ಅದೇನು ನಡಕೊಂಡು ಹೋಗುತ್ತಾ?"

ಸುಂದರೇಶ ಹೊರಟ. ಪಕ್ಕದಲ್ಲಿ ಎಪ್ಪತ್ತೆರಡು ವರ್ಷದ ಜೀವ, ಅವರ ಎದೆಯ ಮುಂದೆಯೇ ಕಾಗದದಲ್ಲಿ ಬರೆದಿದ್ದ ಆ ವಸ್ತು. ಒಂದು ಉಬ್ಬು ಹಾರಿದರೆ ಏನಾದೀತೋ ಎಂದು ಅವನು ಕಾರನ್ನು, ತುಂಬಿದ ಪಾಯಸದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡವನಂತೆ ಓಡಿಸಿದ. ಸೈಕಲ್ಲಿನವರು ಹಿಂದೆ ಹಾಕಿದರು. ಎಳನೀರಿನ ತಳ್ಳುಗಾಡಿಯವನೂ ಹಿಂದೆ ಹಾಕಿ, ಅಯ್ಯೋ ಪಾಪ ಎನ್ನುವಂತೆ ತಿರುಗಿ ನೋಡಿದ. ಹಿಂದೆ ಹಾರನ್ನುಗಳ ಮೆರವಣಿಗೆಯೇ ಬರುತ್ತಿತ್ತು.

ಸರ್ಕಲ್ಲಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ. ಎದೆಯ ಮೇಲಿನ ಪಟ್ಟಿಯಲ್ಲಿ ಸಿದ್ದೇಶ್ ಎಂದಿತ್ತು.

"ಏನ್ಸಾರ್ ಇದು, ಅರ್ಧ ಊರನ್ನೇ ನಿಲ್ಲಿಸ್ಬುಟ್ಟಿದೀರಲ್ಲ? ಗಾಡಿ ಕೆಟ್ಟೋಗಿದ್ಯಾ?"

"ಗಾಡಿ ಚೆನ್ನಾಗಿದೆ," ಎಂದ ಸುಂದರೇಶ, ಸತ್ಯ ಹೇಳಿದವನಿಗೆ ಭಯವಿಲ್ಲ ಎಂಬ ಧೈರ್ಯದಲ್ಲಿ. "ಮುಂದಿನ ಏರ್‌ಬ್ಯಾಗ್ ಸಿಡಿಯೋ ಹಂಗಿದೆ. ಬದಲಾಯಿಸೋಕೆ ಹೋಗ್ತಿದೀನಿ. ಹನ್ನೊಂದು ತಿಂಗಳು ಕಾದ ಮೇಲೆ ಒಂದೇ ಒಂದು ಬಂದಿದೆಯಂತೆ. ಹನ್ನೆರಡರೊಳಗೆ ಹೋಗ್ಬೇಕು."

ಸಿದ್ದೇಶನ ಮುಖ ಬದಲಾಯಿತು. ಅವನು ಕಾರಿನ ಮುಂದಕ್ಕೆ ಹೋಗಿ ಮಾಡೆಲ್ ನೋಡಿ ಬಂದ.

"ಹನ್ನೆರಡಕ್ಕೆ ಬರದೇ ಇರೋರು ನೀವೇನಾ?"

"ಅಂದ್ರೆ?"

"ನಂದೂ ಇದೇ ಕಾರು ಸಾರ್. ಈಗ ಧರಣಿ ಮೇಡಂ ಫೋನ್ ಮಾಡಿದ್ರು. ಮೊದಲನೆಯೋರು ಬರ್ಲಿಲ್ಲಾಂದ್ರೆ ನಿಮಗೆ ಕೊಡ್ತೀವಿ, ಹನ್ನೆರಡಕ್ಕೆ ಬಂದು ನೋಡಿ ಅಂದವ್ರೆ." ಸಿದ್ದೇಶ ತಣ್ಣಗೆ ಟೋಪಿ ಸರಿಮಾಡಿಕೊಂಡ. "ಲೈಸೆನ್ಸ್ ತೋರ್ಸಿ."

ಲೈಸೆನ್ಸನ್ನು ಅವನು ಪರೀಕ್ಷೆಗೆ ಓದುವವನಂತೆ ಓದಿದ. ವಿಮೆಯ ಕಾಗದ ಓದಿದ. ಹೊಗೆ ತಪಾಸಣೆಯ ಚೀಟಿಯನ್ನು ಎರಡೂ ಕಡೆ ಓದಿದ. ಹಿಂಬದಿ ಖಾಲಿ ಇತ್ತು. ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿದ. ಗಂಟೆ ಹನ್ನೊಂದೂಕಾಲು ದಾಟಿತು.

"ಎಲ್ಲಾ ಸರಿ ಇದೆಯಲ್ಲಪ್ಪಾ," ಎಂದು ಸುಂದರೇಶ ಗೋಗರೆದ.

"ಅದೇ ಸಾರ್ ಅನುಮಾನ. ಯಾರದ್ದೂ ಇಷ್ಟು ಸರಿ ಇರಲ್ಲ."

ಆಗ ಹಿಂದಿನ ಕಿಟಕಿಯ ಗಾಜು ಇಳಿಯಿತು. "ಲೋ ಸಿದ್ದೇಶ!"

ಕಾನ್‌ಸ್ಟೇಬಲ್ ತಾನಾಗಿಯೇ ಕೈ ಕಟ್ಟಿಕೊಂಡ. "ಟೀಚರ್, ನೀವಾ?"

"ಮೂರನೇ ಕ್ಲಾಸಲ್ಲೂ ಪಕ್ಕದವನ ಬಳಪಕ್ಕೆ ಆಸೆ ಬೀಳ್ತಿದ್ದೆ, ಈಗ್ಲೂ ಬಿಟ್ಟಿಲ್ಲ ನೀನು. ನಿಮ್ಮಮ್ಮ ಪುಟ್ಟಮಾದಮ್ಮನ ಹತ್ರಾನೇ ಹೋಗ್ತಿರೋದು ನಾನು. ಹೇಳ್ಲಾ?"

"ಬ್ಯಾಡಿ ಟೀಚರ್, ಬುಡಿ," ಎಂದು ಸಿದ್ದೇಶ ಕಾಗದಗಳನ್ನೆಲ್ಲ ಸುಂದರೇಶನ ಕೈಗೆ ತುರುಕಿದ. "ಹೋಗಿ ಸಾರ್. ಆದ್ರೆ ಡ್ಯೂಟಿ ಮುಗಿಸ್ಕೊಂಡು ನಾನೂ ಬರ್ತೀನಿ. ಹನ್ನೆರಡು ಹೊಡೆದ ಮೇಲೆ ನೀವು ಬಂದ್ರೆ ಕೊಡಲ್ಲ."

ಕಾರು ಹೊರಟಿತು. ಅಶೋಕಪುರಂ ಕಡೆಗೆ ತಿರುಗಿಸಲು ಹೋದ ಸುಂದರೇಶನ ಭುಜವನ್ನು ಮಂಗಳಮ್ಮ ತಟ್ಟಿದರು. "ನೆಟ್ಟಗೆ ನಡಿ. ಬ್ಲೌಸು ಎಲ್ಲಿಗೆ ಹೋಗುತ್ತೆ? ನಾನು ಇದನ್ನ ನೋಡ್ಬೇಕು."

ಇನ್ನು ಪಾಯಸದ ಪಾತ್ರೆಯ ಯೋಚನೆ ಮಾಡಿದರೆ ಆಗದು ಎಂದು ಸುಂದರೇಶ ಕಾಲೊತ್ತಿದ. ಪ್ರತಿ ಉಬ್ಬಿನಲ್ಲೂ ಅವನು ಕಣ್ಣು ಮುಚ್ಚಿಕೊಳ್ಳುವನು, ಮಂಗಳಮ್ಮ ರಾಮ ರಾಮ ಎನ್ನುವರು, ಸದಾಶಿವಯ್ಯನವರು ಮಾತ್ರ ಸ್ವಂತ ಹಜಾರದಲ್ಲಿ ಕೂತವರಂತೆ ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುವರು. ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ಕಾರು ಸರ್ವೀಸ್ ಸೆಂಟರಿನ ಗೇಟನ್ನು ದಾಟಿತು.

ಧರಣಿ ಅಲ್ಲಿನ ತಂತ್ರಜ್ಞೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಕಿವಿಯ ಹಿಂದೆ ಸ್ಕ್ರೂಡ್ರೈವರು. ಮೇಜಿನ ಮೇಲೆ ಒಂದು ಪೆಟ್ಟಿಗೆಯಿತ್ತು. ಅದನ್ನು ನೋಡಿದಾಗ ಸುಂದರೇಶನಿಗೆ ಕೈ ಮುಗಿಯಬೇಕೆನಿಸಿತು. ಆ ಹೊತ್ತಿಗೆ ಸಿದ್ದೇಶನೂ ಕಾರಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಗಡಿಯಾರ ನೋಡಿ, ಸೋತವನ ಸೌಜನ್ಯದಿಂದ, "ಗೆದ್ರಿ ಬುಡಿ ಸಾರ್," ಎಂದ.

ಸುಂದರೇಶ ಹೆಂಡತಿಗೆ ಫೋನು ಮಾಡಿದ. "ಬೆಟ್ಟಕ್ಕೆ ರೆಡಿಯಾಗಿರು."

ಧರಣಿ ಡ್ಯಾಶ್‌ಬೋರ್ಡಿನ ಮುಚ್ಚಳ ಬಿಚ್ಚಿದಳು. ಒಳಗೆ ಟಾರ್ಚು ಬಿಟ್ಟಳು. ಕೈ ಹಾಕಿದಳು. ಇನ್ನೂ ಒಳಗೆ ಕೈ ಹಾಕಿ, ಒಂದು ದೊಡ್ಡ ಬಿಳಿಯ ತುಂಡನ್ನು ಎಳೆದು ತೆಗೆದಳು.

"ಸಾರ್, ಇದು ಥರ್ಮಾಕೋಲ್."

"ಏರ್‌ಬ್ಯಾಗ್ ಅದರ ಹಿಂದೆ ಇರ್ಬೇಕು."

"ಹಿಂದೆ ಏನೂ ಇಲ್ಲ ಸಾರ್. ನಿಮ್ಮ ಕಾರಲ್ಲಿ ಏರ್‌ಬ್ಯಾಗೇ ಇಲ್ಲ. ಯಾವತ್ತೋ ಒಂದ್ಸಲ ಬಿಚ್ಚಿಕೊಂಡು ಹೋಗಿದೆ. ಆಮೇಲೆ ಯಾರೋ ಥರ್ಮಾಕೋಲ್ ತುಂಬಿ ಮೇಲೆ ಹೊಸ ಮುಚ್ಚಳ ಹಾಕಿದಾರೆ. ಎಚ್ಚರಿಕೆ ದೀಪ ಹತ್ತದ ಹಾಗೆ ವೈರಿಗೆ ಏನೋ ಸಿಕ್ಕಿಸಿದಾರೆ."

ಸುಂದರೇಶ ನಿಧಾನವಾಗಿ ತಿರುಗಿದ. ಮಂಗಳಮ್ಮನೂ ತಿರುಗಿದರು. ಸದಾಶಿವಯ್ಯನವರು ನಶ್ಯದ ಡಬ್ಬಿ ತೆಗೆಯುತ್ತಿದ್ದರು.

"ಹಲಸಿನ ಹಣ್ಣು," ಎಂದರು ಅವರು ಯಾವ ಸಂಕೋಚವೂ ಇಲ್ಲದೆ. "ನಾಲ್ಕು ವರ್ಷದ ಹಿಂದೆ ಇಷ್ಟು ದೊಡ್ಡದೊಂದು ಹಣ್ಣು ತಂದಿದ್ದೆ, ಮುಂದಿನ ಸೀಟಲ್ಲಿಟ್ಟು ಬೆಲ್ಟು ಹಾಕಿದ್ದೆ. ಗೇಟಿನ ಕಂಬಕ್ಕೆ ಕಾರು ಗುದ್ದಿಬಿಡ್ತು. ಆ ಬ್ಯಾಗು ಢಂ ಅಂತ ಬಂತು ನೋಡಿ, ತೊಳೆ ತೊಳೆ ಬಿಡಿಸಿಟ್ಟ ಹಾಗಾಗಿತ್ತು ಹಣ್ಣು. ಆ ಬ್ಯಾಗನ್ನ ಬಿಸಾಕಿ ಮುಚ್ಚಳ ಹಾಕಿಸಿದೆ."

"ನೀವು ಹೇಳ್ಲೇ ಇಲ್ವಲ್ಲ ಸಾರ್! ಹನ್ನೊಂದು ತಿಂಗಳು!"

"ನೀವು ಕೇಳ್ಲೇ ಇಲ್ವಲ್ಲ."

ಅದು ನಿಜ. ಕೊಳ್ಳುವ ಮೊದಲು ಮೆಕ್ಯಾನಿಕ್‌ಗೆ ತೋರಿಸೋಣ ಎಂದು ಮಾಲವಿಕಾ ಹೇಳಿದ್ದಳು. ಪಕ್ಕದ ಮನೆಯ ಹಿರಿಯರ ಕಾರನ್ನು ಪರೀಕ್ಷೆ ಮಾಡಿಸುವುದೆಂದರೆ, ಊಟಕ್ಕೆ ಕರೆದವರ ಮನೆಯ ಅನ್ನವನ್ನು ಭೂತಗನ್ನಡಿಯಲ್ಲಿ ನೋಡಿದ ಹಾಗೆ ಎಂದು ಸುಂದರೇಶನೇ ಬೇಡವೆಂದಿದ್ದ. ಅದೇ ದಾಕ್ಷಿಣ್ಯ ಈಗಲೂ ಅಡ್ಡ ಬಂತು. ಸದಾಶಿವಯ್ಯನವರನ್ನು ಬಿಟ್ಟು ಅವನು ಧರಣಿಯ ಕಡೆ ತಿರುಗಿದ.

"ಇರಲಿ. ಖಾಲಿ ಇದ್ರೆ ಇನ್ನೂ ಸುಲಭ. ಆ ಹೊಸದನ್ನ ಹಾಕಿಬಿಡಿ."

"ಆಗಲ್ಲ ಸಾರ್. ಹಳೇ ಕೆಟ್ಟದ್ದನ್ನ ನಾವು ಬಿಚ್ಚಿ, ಅದರ ನಂಬರ್ ಕಂಪ್ಯೂಟರಿಗೆ ಹಾಕಿ, ವಾಪಸ್ ಕಳಿಸಿದ್ರೇನೇ ಹೊಸದು ಹಾಕೋಕಾಗೋದು. ನಿಮ್ಮ ಹತ್ರ ಕೆಟ್ಟದ್ದೇ ಇಲ್ವಲ್ಲ."

ಗಡಿಯಾರದಲ್ಲಿ ಹನ್ನೆರಡಾಯಿತು. ಸಿದ್ದೇಶ ಬಾಗಿಲಲ್ಲಿ ಮೆಲ್ಲಗೆ ಕೆಮ್ಮಿದ.

ಮನೆಗೆ ಮರಳುವ ದಾರಿಯಲ್ಲಿ ಸುಂದರೇಶ ಮತ್ತೆ ಲೆಕ್ಕ ಹಾಕಿದ. ಬ್ಯಾಗಿಲ್ಲದ ಮೇಲೆ ಸ್ಫೋಟವಿಲ್ಲ. ಸ್ಫೋಟವಿಲ್ಲದ ಮೇಲೆ ಭಯವಿಲ್ಲ. ಗೇಟಿನ ಹತ್ತಿರ ಬರುವಷ್ಟರಲ್ಲಿ ಅವನ ಎದೆ ಮತ್ತೆ ಉಬ್ಬಿತ್ತು. ಮಾಲವಿಕಾ ಹೊಸ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿ, ಮುಂದಿನ ಬಾಗಿಲನ್ನು ತೆಗೆದು ಹಿಡಿದ.

"ಬಾ, ಕೂತ್ಕೋ. ಇನ್ನು ಸಿಡಿಯೋಕೆ ಅಲ್ಲಿ ಏನೂ ಇಲ್ಲ."

"ಅಪಘಾತ ಆದ್ರೆ ಕಾಪಾಡೋಕೆ?"

"ಅದೂ ಇಲ್ಲ."

ಮಾಲವಿಕಾ ಸೀಟನ್ನೂ ಗಂಡನನ್ನೂ ಒಂದೇ ನೋಟದಲ್ಲಿ ನೋಡಿದಳು. "ಅಂದ್ರೆ ಹಲಸಿನ ಹಣ್ಣಿಗೆ ಇದ್ದಷ್ಟು ರಕ್ಷಣೆಯೂ ನನಗಿಲ್ಲ," ಎಂದು ಒಳಗೆ ಹೋಗಿ, ಚಾಮರಾಜನಗರದ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ತಂಗಿಯನ್ನು ಫೋನಿನಲ್ಲಿ ಕೇಳತೊಡಗಿದಳು.

ಸುಂದರೇಶ ಕಾರಿನ ಬಾಗಿಲನ್ನು ಮುಚ್ಚಿದ. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಇಷ್ಟು ಚೆಂದದ ಉಪಾಯ ಇನ್ನಾರಿಗೂ ಹೊಳೆದಿರಲಾರದು ಎಂಬ ಭರವಸೆಯಿಂದ ಧರಣಿಗೆ ಫೋನು ಮಾಡಿದ.

"ಮೇಡಂ, ಸಿದ್ದೇಶನ ಕಾರಿಂದ ಬಿಚ್ಚಿದ ಆ ಕೆಟ್ಟ ಏರ್‌ಬ್ಯಾಗ್ ಇದೆಯಲ್ಲ, ಅದನ್ನ ನನ್ನ ಕಾರಿಗೆ ಒಂದು ಹತ್ತು ನಿಮಿಷ ಹಾಕಿ. ಆಮೇಲೆ ನೀವೇ ಬಿಚ್ಚಿಕೊಂಡು, ಮುಂದೆ ಬರೋ ಹೊಸದಕ್ಕೆ ನನ್ನ ಹೆಸರು ಬರ್ಕೊಳ್ಳಿ."

ಆ ಕಡೆ ಪುಟ ತಿರುವಿದ ಸದ್ದಾಯಿತು.

"ಬರ್ಕೊಳ್ತೀನಿ ಸಾರ್. ಆದ್ರೆ ಕೆಟ್ಟದ್ದಕ್ಕೆ ಕ್ಯೂ ಇದೆ. ಹೀಗೆ ಕೇಳಿದವರಲ್ಲಿ ನೀವು ಮೂವತ್ತೇಳನೆಯವರು."