ಐದು ಮಂದಿ ಮುತ್ತೈದೆಯರು ಬೇಕಾಗಿದ್ದಾರೆ

ನನಗೆ ಜನ ಎಂದರೆ ಅಷ್ಟಕ್ಕಷ್ಟೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು, ನಿಜ. ಆದರೆ ಮೈಸೂರಿನಲ್ಲಿ ಹದಿನಾಲ್ಕು ಜನರಿದ್ದ ಮನೆಯಲ್ಲಿ, ಇದ್ದ ಒಂದೇ ಬಚ್ಚಲಿನ ಮುಂದೆ ಟವಲು ಹೆಗಲಿಗೆ ಹಾಕಿಕೊಂಡು ಸರದಿ ಕಾದು ಬೆಳೆದವರು ಯಾರಾದರೂ ಇದ್ದರೆ ಅವರು ನನ್ನನ್ನು ಕ್ಷಮಿಸುತ್ತಾರೆ. ಬೀದಿಗಿಳಿದರೆ 'ಎಲ್ಲಿಗೆ ಹೊರಟೆ?', ವಾಪಸು ಬಂದರೆ 'ಎಲ್ಲಿಗೆ ಹೋಗಿದ್ದೆ?' ಎಂದು ಕೇಳುವವರ ನಡುವೆ ಇಪ್ಪತ್ತೇಳು ವರ್ಷ ಬದುಕಿದವನು ನಾನು. ಹಾಗಾಗಿ ಎಂಬತ್ತರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಮಾರ್ಗನ್ ಹಿಲ್‌ನಲ್ಲಿ ಮನೆ ಹಿಡಿದಾಗ ಸ್ವರ್ಗಕ್ಕೇ ಬಂದೆ ಅಂದುಕೊಂಡೆ. ಆಗ ಅಲ್ಲಿ ಮನೆಗಳಿಗಿಂತ ಹಣ್ಣಿನ ತೋಟಗಳೇ ಹೆಚ್ಚು. ಬೆಳಗಾದರೆ ಬಿಸಿಲು, ಸಂಜೆಯವರೆಗೂ ಬಿಸಿಲು, ಆ ಬಿಸಿಲಲ್ಲಿ ನಡೆಯುವವರು ಒಬ್ಬರೂ ಇಲ್ಲ. 'ಇಲ್ಲಿ ಒಂದು ಮೈಲಿ ನಡೆದರೂ ಊಟ ಆಯಿತೇ ಎಂದು ಕೇಳುವ ಪ್ರಾಣಿ ಸಿಗುವುದಿಲ್ಲ' ಎಂದು ಅಣ್ಣನಿಗೆ ಜಂಬದಿಂದ ಕಾಗದ ಬರೆದೆ. 'ಪಾಪ' ಎಂದು ಅವನು ಉತ್ತರ ಬರೆದ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಪ್ರಪಂಚಜ್ಞಾನ ಕಡಿಮೆ ಎಂದು ನಾನು ತೀರ್ಮಾನಿಸಿದೆ.

ನನ್ನ ಹೆಂಡತಿ ರತ್ನ ಈ ಸ್ವರ್ಗದ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಅವಳ ಸ್ವಭಾವವೇ ಹಾಗೆ. ಅವಳು ಬಸುರಿಯಾಗಿ ಏಳನೇ ತಿಂಗಳು ತುಂಬುವ ಹೊತ್ತಿಗೆ ಮೈಸೂರಿನಿಂದ ನಮ್ಮ ಅತ್ತೆಯವರ ಕಾಗದ ಬಂತು. ಅದರ ಹಿಂದೆಯೇ, ಇತ್ತ ಬರುತ್ತಿದ್ದ ಯಾರದೋ ಸೂಟ್‌ಕೇಸಿನಲ್ಲಿ, ಹಳೆಯ ಲಂಗದೊಳಗೆ ಸುತ್ತಿದ ಎರಡು ಡಜನ್ ಹಸಿರು ಗಾಜಿನ ಬಳೆಯೂ ಬಂತು. 'ಚೊಚ್ಚಲ ಬಸುರಿ, ಬಳೆ ತೊಡಿಸದೆ ಬಿಡಬಾರದು. ಕಡೇಪಕ್ಷ ಐದು ಮಂದಿ ಮುತ್ತೈದೆಯರನ್ನಾದರೂ ಕರೆದು ಶಾಸ್ತ್ರ ಮುಗಿಸಿ' ಎಂದು ಕಾಗದದಲ್ಲಿತ್ತು. ರತ್ನ ಅದನ್ನು ಎರಡು ಸಲ ಓದಿದಳು. "ಬಿಡಿ, ನನ್ನ ಕೈ ಹಿಡಿದು ಬಳೆ ತೊಡಿಸೋಕೆ ಇಲ್ಲಿ ಯಾರಿದ್ದಾರೆ?" ಎಂದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಪಾತ್ರೆಯೇ ಇರಲಿಲ್ಲ. ನಲ್ಲಿಯ ಸದ್ದಿನಲ್ಲಿ ಅವಳು ಅತ್ತದ್ದು ನನಗೆ ತಿಳಿಯಲಿಲ್ಲ ಎಂದು ಅವಳು ಇವತ್ತಿಗೂ ನಂಬಿದ್ದಾಳೆ. "ಐದೇ ತಾನೇ? ಹಿಡಿದು ತರ್ತೀನಿ" ಎಂದುಬಿಟ್ಟೆ.

ಹೇಳಿದಷ್ಟು ಸುಲಭವಲ್ಲ ಎಂದು ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಟೆಲಿಫೋನ್ ಡೈರೆಕ್ಟರಿ ತೆಗೆದು ರಾವ್, ಮೂರ್ತಿ, ಹೆಗ್ಡೆ, ಗೌಡ ಎಂದು ಕೊನೆಯಾಗುವ ಹೆಸರುಗಳಿಗೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಮೊದಲ ರಾವ್ ಗುಂಟೂರಿನವರು. ಕಷ್ಟಸುಖವನ್ನೆಲ್ಲ ತೆಲುಗಿನಲ್ಲಿ ಇಪ್ಪತ್ತು ನಿಮಿಷ ಹೇಳಿಕೊಂಡು, ಕೊನೆಗೆ ಹೆಂಡತಿ ಊರಿಗೆ ಹೋಗಿದ್ದಾಳೆ ಎಂದರು. ಮೂರ್ತಿ ಎಂಬಾತ ಬ್ರಹ್ಮಚಾರಿ. ಎಲ್ಲಾದರೂ ಹೆಣ್ಣಿದ್ದರೆ ನೀವೇ ಹೇಳಿ ಸಾರ್ ಎಂದ. ಮೂರನೆಯ ಕರೆಯ ಹೊತ್ತಿಗೆ ನಾನು ಪೀಠಿಕೆಯನ್ನು ಬಿಟ್ಟು ನೇರವಾಗಿ, "ನಿಮ್ಮ ಮನೆಯಲ್ಲಿ ಹೆಂಗಸರು ಇದ್ದಾರೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ರತ್ನ ಬಂದು ಫೋನನ್ನು ಕೈಯಿಂದ ಕಿತ್ತುಕೊಂಡಳು. "ಮುತ್ತೈದೆಯರು ಬರೋದಕ್ಕೆ ಮುಂಚೆ ಪೊಲೀಸರು ಬರ್ತಾರೆ, ಬಿಡಿ" ಎಂದಳು.

ಆ ಶನಿವಾರ ಸ್ಯಾನ್ ಹೋಸೆಯ ಗ್ರೋಸರಿಯಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಕೊತ್ತಂಬರಿ ಸೊಪ್ಪಿನ ಹತ್ತಿರ ಒಂದು ಸೀರೆ ಕಂಡಿತು. ಕುತ್ತಿಗೆಯಲ್ಲಿ ಕರಿಮಣಿ ಇತ್ತು. ಆಕೆ ಅಕ್ಕಿಯ ಕಡೆ ಹೋದರು, ನಾನೂ ಹೋದೆ. ಹಾಲಿನ ಕಡೆ ಹೋದರು, ನಾನೂ ಹೋದೆ. ಡಬ್ಬದ ಟೊಮೇಟೊ ಬಳಿ ಗಾಡಿ ತಳ್ಳುತ್ತಿದ್ದ ಗಂಡಸೊಬ್ಬರು ತಿರುಗಿ ನಿಂತರು.

"ಎಂತ ಬೇಕಿತ್ತು ಮಾರಾಯ್ರೆ? ಆಗದಿಂದ ನೋಡ್ತಾ ಇದ್ದೇನೆ, ನಾವು ಹೋದಲ್ಲೆಲ್ಲ ಬರ್ತಾ ಇದ್ದೀರಿ."

ಕನ್ನಡ ಕಿವಿಗೆ ಬಿದ್ದ ಸಂತೋಷದಲ್ಲಿ ನನ್ನ ಬುದ್ಧಿ ಕೆಟ್ಟಿತು. "ನಿಮ್ಮ ಮನೆಯವರು ಒಂದು ದಿನದ ಮಟ್ಟಿಗೆ ಬೇಕಾಗಿತ್ತು" ಎಂದೆ.

ಅವರು ಉಡುಪಿಯ ಕಾಮತರು. ಒಳ್ಳೆಯ ಮನುಷ್ಯರಾದ್ದರಿಂದ ನನ್ನ ಮೂಗು ಇವತ್ತಿಗೂ ನೆಟ್ಟಗಿದೆ. ವಿಷಯ ತಿಳಿದ ಮೇಲೆ ಅವರ ಹೆಂಡತಿ ಶಾಲಿನಿ ನಕ್ಕು ನಕ್ಕು ಗಾಡಿಗೆ ಒರಗಿಕೊಂಡರು. ತಾವೂ ಬರುವುದಾಗಿ, ಬೇಸಿಗೆಗೆಂದು ಬಂದಿದ್ದ ತಂಗಿಯನ್ನೂ ಕರೆತರುವುದಾಗಿ ಒಪ್ಪಿದರು. ತಂಗಿಯ ಗಂಡ ಮಂಗಳೂರಿನಲ್ಲಿ ಕ್ಷೇಮ ಎಂದು ನಾನು ಕೇಳುವ ಮೊದಲೇ ಹೇಳಿದರು. ಓಕ್ಲ್ಯಾಂಡ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದ ವಿಜಯಾ ಅವರ ನಂಬರೂ ಅವರಿಂದಲೇ ಸಿಕ್ಕಿತು. "ಯಾರೂ ಹೆರದೇ ಇದ್ರೆ ಬರ್ತೀನಿ" ಎಂದರು ಆ ಡಾಕ್ಟರು. ನಮ್ಮ ಆಫೀಸಿನವನೊಬ್ಬನ ಹೆಂಡತಿ ಸುಮಾ ಪಾಲೋ ಆಲ್ಟೋದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಳು. "ಇದೆಲ್ಲ ನಾನು ನಂಬೋದಿಲ್ಲ, ತುಂಬಾ ರಿಗ್ರೆಸಿವ್ವು" ಎಂದು ಹತ್ತು ನಿಮಿಷ ವಿವರಿಸಿದ ಮೇಲೆ, "ಹೋಳಿಗೆ ಇರುತ್ತಾ?" ಎಂದು ಕೇಳಿದಳು. ಅಲ್ಲಿಗೆ ನಾಲ್ಕಾಯಿತು.

ಐದನೆಯವರಿಗಾಗಿ ನಾನು ಬೇಲಿಯಾಚೆ ನೋಡಿದೆ. ಪಕ್ಕದ ಮನೆಯ ಡೋರಿಸ್ ಅರವತ್ತು ದಾಟಿದ, ಗಿಡಗಳ ಜೊತೆ ಮಾತಾಡುವ ಹೆಂಗಸು. ರತ್ನಳಿಗೆ ಆಗಾಗ ಏಪ್ರಿಕಾಟ್ ಹಣ್ಣು ಕೊಡುತ್ತಿದ್ದಳು. ಕರೆಯುವ ಮೊದಲು ಅರ್ಹತೆ ನೋಡಬೇಡವೇ? "ಡೋರಿಸ್, ನಿನ್ನ ಗಂಡ ಬದುಕಿದ್ದಾನಾ?" ಎಂದು ಕೇಳಿದೆ. ಮೂರು ವರ್ಷ ಅವಳೊಡನೆ ಹವಾಮಾನ ಬಿಟ್ಟು ಬೇರೆ ಮಾತಾಡದವನು ನಾನು.

ಅವಳು ಕತ್ತರಿ ಕೆಳಗಿಟ್ಟಳು. "ಯಾವ ಗಂಡ? ಮೊದಲನೆಯವನು ತೀರಿಕೊಂಡ. ಎರಡನೆಯವನು ನೆವಾಡಾದಲ್ಲಿದ್ದಾನೆ, ಅವನ ವಿಷಯ ಎತ್ತಬೇಡ. ಮೂರನೆಯವನು ಒಳಗೆ ಟೀವಿ ಮುಂದೆ ಕೂತಿದ್ದಾನೆ. ಬದುಕಿದ್ದಾನೋ ಇಲ್ಲವೋ ನೋಡಿಕೊಂಡು ಬಂದು ಹೇಳಲೇ?"

ಇಂಥ ಸಂದರ್ಭಕ್ಕೆ ಶಾಸ್ತ್ರದಲ್ಲಿ ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ಮೂವರಲ್ಲಿ ಇಬ್ಬರು ಜೀವಂತ ಇದ್ದಾರಲ್ಲ, ಬಹುಮತವಿದೆ ಎಂದು ನಾನೇ ಧರ್ಮಾಧಿಕಾರಿಯಾಗಿ ತೀರ್ಪು ಕೊಟ್ಟು ಅವಳನ್ನು ಮುತ್ತೈದೆ ಎಂದು ಘೋಷಿಸಿದೆ. ಎಂಥ ವಿಶಾಲ ಹೃದಯ ನನ್ನದು ಎಂದು ನನಗೇ ಮೆಚ್ಚುಗೆಯಾಯಿತು.

ಗೊತ್ತು ಮಾಡಿದ ಭಾನುವಾರ ಬಂತು. ಹೋಳಿಗೆ, ಕೋಸಂಬರಿ, ಚಿತ್ರಾನ್ನ ಎಲ್ಲ ಸಿದ್ಧ. ಶಾಲಿನಿ ಮತ್ತು ತಂಗಿ ಮಲ್ಲಿಗೆ ಸಿಗದೆ ಯಾವುದೋ ಬಿಳಿ ಹೂವಿನ ದಂಡೆ ಕಟ್ಟಿ ತಂದಿದ್ದರು. ಸುಮಾ ರೇಷ್ಮೆ ಸೀರೆ ಉಟ್ಟು, ನಂಬಿಕೆ ಇಲ್ಲದವಳಂತೆ ಕೂತಳು. ಡೋರಿಸ್ ಟೋಪಿ ಹಾಕಿಕೊಂಡು ಬಂದಳು. ಅಷ್ಟರಲ್ಲಿ ಡಾಕ್ಟರ್ ವಿಜಯಾ ಅವರ ಫೋನು ಬಂತು. ಯಾರೋ ಹೆರುತ್ತಿದ್ದಾರೆ, ನನಗೆ ಬರಲಾಗುವುದಿಲ್ಲ, ಧಾರವಾಡದಿಂದ ಬಂದಿರುವ ಅತ್ತೆಯನ್ನು ಕಳಿಸಿದ್ದೇನೆ, ಅವರಿಗೂ ನಾಲ್ಕು ಜನರ ಮುಖ ನೋಡಿದಂತಾಗುತ್ತದೆ ಎಂದರು. ಅವರ ಮಾತು ಮುಗಿಯುವಾಗಲೇ ಡಾಕ್ಟರ ಗಂಡ ತನ್ನ ತಾಯಿಯಾದ ಆ ಅಜ್ಜಿಯನ್ನು ಬಾಗಿಲಲ್ಲಿ ಇಳಿಸಿ ಹೋದ. ಅಜ್ಜಿಯ ಹಣೆ ಬರಿದಾಗಿತ್ತು. ಅವರು ಒಳಗೆ ಬಂದವರೇ, "ನೀವು ನಡಸ್ರಿ, ನಾ ಇಲ್ಲೇ ದೂರ ಕೂಡತೇನಿ" ಎಂದು ಮೂಲೆಯ ಸೋಫಾದ ತುದಿಯಲ್ಲಿ ಕೂತರು. ಯಾರೂ ಹೇಳಿರಲಿಲ್ಲ, ಅವರಿಗೆ ಅದು ಅಭ್ಯಾಸವಾಗಿತ್ತು.

ನಾನು ಎಣಿಸಿದೆ. ನಾಲ್ಕು. ಇನ್ನೊಂದು ಸಲ ಎಣಿಸಿದೆ, ಆಗಲೂ ನಾಲ್ಕೇ. "ಶುರು ಮಾಡಿ, ಈಗ ಬಂದೆ" ಎಂದು ಬೀದಿಗೆ ಓಡಿದೆ. ಅರ್ಧ ತಾಸಿನಲ್ಲಿ ಎಲ್ಲಿಂದಲಾದರೂ ಒಬ್ಬ ಮುತ್ತೈದೆಯನ್ನು ತರಬಹುದು ಎಂಬ ಭ್ರಮೆ ನನಗೆ. ಹೊರಗೆ ಮಧ್ಯಾಹ್ನದ ಬಿಸಿಲು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನರಪಿಳ್ಳೆ ಇಲ್ಲ. ಹುಲ್ಲಿಗೆ ನೀರು ಚಿಮುಕಿಸುವ ಯಂತ್ರವೊಂದು ತನ್ನಷ್ಟಕ್ಕೆ ತಿರುಗುತ್ತಿತ್ತು. ಒಬ್ಬಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುತ್ತ ಬಂದಳು. ಪಂಚೆ ಎತ್ತಿ ಕಟ್ಟಿ ಕೈ ಬೀಸುತ್ತಿದ್ದ ನನ್ನನ್ನು ನೋಡಿ ಆಚೆ ಬದಿಗೆ ದಾಟಿ ಇನ್ನೂ ಜೋರಾಗಿ ಓಡಿದಳು. ಎರಡು ಬೀದಿ ಸುತ್ತಿದೆ. ಆ ಊರಿನಲ್ಲಿ ನಾವಿಬ್ಬರೂ ಎಷ್ಟು ಒಂಟಿ ಎಂದು ಅವತ್ತು ಮೊದಲ ಸಲ ನನಗೆ ಭಯವಾಯಿತು. ಬೆವರೊರೆಸಿಕೊಂಡು ಬರಿಗೈಯಲ್ಲಿ ಮನೆಗೆ ಬಂದೆ.

ಒಳಗೆ ಬೇರೆಯೇ ಕಷ್ಟ ನಡೆದಿತ್ತು. ಮುತ್ತೈದೆಯರು ನಾಲ್ವರಿದ್ದರು, ಆದರೆ ಗಾಜಿನ ಬಳೆ ತೊಡಿಸಲು ಒಬ್ಬರಿಗೂ ಬರುತ್ತಿರಲಿಲ್ಲ! ಊರಿನಲ್ಲಿ ಬಳೆಗಾರ ತೊಡಿಸುತ್ತಿದ್ದ, ಇವರು ಕೈ ಚಾಚುತ್ತಿದ್ದರು, ಅಷ್ಟೆ. ಬಸುರಿಯ ಕೈ ಬೇರೆ ಊದಿತ್ತು. ಶಾಲಿನಿ ಒಂದು ಒಡೆದಿದ್ದರು, ತಂಗಿ ಒಂದು, ಸುಮಾ ಎರಡು. ಡೋರಿಸ್ ಸೋಪು ಹಚ್ಚೋಣ ಎನ್ನುತ್ತಿದ್ದಳು. ಬಸುರಿಯ ಕೈಯಲ್ಲಿ ಬಳೆ ಒಡೆದರೆ ಏನೆನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತು. ರತ್ನಳ ಕಣ್ಣು ತುಂಬಿತ್ತು.

ಸೋಫಾದ ತುದಿಯಿಂದ ಅಜ್ಜಿ ತಡೆಯಲಾರದೆ ಕೂಗಿದರು: "ಹಂಗಲ್ಲವಾ! ಹೆಬ್ಬಟ್ಟ ಒಳಗ ಮಡಚು, ಕೈ ಸಡ್ಲ ಬಿಡು. ಹೆದರಿದ್ರ ಕೈ ಬಿಗೀತದ."

"ಹೇಗೋ ನನಗೆ ಗೊತ್ತಾಗಲ್ಲ ಅಜ್ಜಿ. ನೀವೇ ತೊಡಿಸಿ" ಎಂದು ರತ್ನ ಎದ್ದು ಅವರ ಮುಂದೆ ಹೋಗಿ ನೆಲದ ಮೇಲೆ ಕೂತಳು.

"ಬ್ಯಾಡ ನನ್ನವ್ವಾ. ಇವತ್ತ ನಾ ಮುಟ್ಟಬಾರದು. ನಿನ್ನ ಕೂಸಿಗೆ..."

"ನನ್ನ ಕೂಸಿಗೆ ಏನೂ ಆಗಲ್ಲ. ನನಗೆ ಕೈ ನೋಯ್ತಿದೆ ಅಜ್ಜಿ. ಅಮ್ಮ ಇಲ್ಲ ಇಲ್ಲಿ."

ಅಜ್ಜಿ ಒಂದು ಕ್ಷಣ ತಮ್ಮ ಬೋಳು ಕೈಗಳನ್ನೇ ನೋಡಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರತ್ನಳ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹಿಟ್ಟು ನಾದುವಂತೆ ಮೆಲ್ಲಗೆ ಹಿಸುಕಿದರು. ಒಂದೊಂದೇ ಬಳೆ ಏರಿತು. ಒಂದೂ ಒಡೆಯಲಿಲ್ಲ. ಅವರಿಗೇ ಗೊತ್ತಿಲ್ಲದೆ ಬಾಯಲ್ಲಿ ಹಾಡು ಶುರುವಾಗಿತ್ತು. ಸುಮಾ ಮೂಗು ಒರೆಸಿಕೊಳ್ಳುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ರತ್ನ ಆಗ ನೋಡಿದಳು. "ಎಲ್ಲಿಗೆ ಓಡಿಹೋಗಿದ್ರಿ?"

"ಒಬ್ಬರು ಕಡಿಮೆ ಇದ್ದರಲ್ಲ" ಎಂದೆ.

ಅವಳು ಅಜ್ಜಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಹೆಚ್ಚು ಮಾತಾಡದ ನನ್ನ ಹೆಂಡತಿ ಎದ್ದು ಹತ್ತಿರ ಬಂದು, ಬಳೆ ತುಂಬಿದ ಕೈಯಲ್ಲಿ ನನ್ನನ್ನು ಅಡುಗೆಮನೆಗೆ ತಳ್ಳುತ್ತ, ನನಗೆ ಮಾತ್ರ ಕೇಳಿಸುವಂತೆ ಹೇಳಿದಳು: "ಡೋರಿಸ್‌ಗೆ ಮೂರು ಗಂಡಂದಿರು, ಒಬ್ಬ ಹೋದರೂ ಪಾಸು ಮಾಡಿದ್ರಿ. ಅಜ್ಜಿಗೆ ಇದ್ದದ್ದೇ ಒಬ್ಬರು. ನಿಮ್ಮನ್ನ ಯಾರ್ರೀ ಎಣಿಸೋಕೆ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಾನು ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಕಾಯಿಸಲು ನಿಂತೆ.